ಅಪ್ಪನ ನಳಿಗೆಯ ಗೀರು

ಡ್ರೈ ಫೋರ್ಕ್, ಮೊಂಟಾನಾ
19 ಸೆಪ್ಟೆಂಬರ್ 1994, ಸೋಮವಾರ

ಪ್ರೀತಿಯ ತಮ್ಮ ಗೇಲನ್‌ಗೆ,

ಮೊದಲು ಎದ್ದು ನಿಲ್ಲು. ತಲೆಯ ಮೇಲೆ ಟೋಪಿಯಿದ್ದರೆ ತೆಗೆದು ಎದೆಗೊತ್ತಿಕೋ. ಚರಿತ್ರೆಯಲ್ಲಿ ದಾಖಲಾಗಬೇಕಾದ, ಚರ್ಚಿನ ಗಂಟೆ ಬಾರಿಸಿ ಊರಿಗೆಲ್ಲ ಸಾರಬೇಕಾದ, ಸಾಧ್ಯವಾದರೆ ಅಂಚೆಚೀಟಿಯ ಮೇಲೆ ಅಚ್ಚು ಹಾಕಿಸಬೇಕಾದ ಮಹಾ ಸಂಗತಿಯೊಂದು ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಘಟಿಸಿದೆ: ಖಾಲಿ ತೋಟಾಗಳನ್ನು ಮರುಬಳಕೆಗೆ ಒತ್ತುವ ಅಪ್ಪನ ಒತ್ತುಯಂತ್ರದ ಹಿಡಿಕೆ ಕಿರುಗುಟ್ಟುವುದನ್ನು ನಿಲ್ಲಿಸಿದೆ. ನೀನು ತೊಟ್ಟಿಲಿನಲ್ಲಿದ್ದಾಗಿನಿಂದಲೂ ಒಂದೊಂದು ಎಳೆತಕ್ಕೂ ಕತ್ತೆಮರಿಯ ಹಾಗೆ ಅರಚುತ್ತಿದ್ದ ಹಿಡಿಕೆ ಅದು. ಅಮ್ಮ ಕಿವಿ ಮುಚ್ಚಿಕೊಂಡು ಬಯ್ದರೆ ಅಪ್ಪ, "ಕೂಗ್ಲಿ ಬಿಡೇ, ಈ ಮನೇಲಿ ಒಬ್ಬನಾದ್ರೂ ಕೆಲಸ ಮಾಡ್ತಾನೆ ಅಂತ ಪಕ್ಕದವರಿಗೆ ಗೊತ್ತಾಗ್ಬೇಡ್ವಾ" ಎನ್ನುತ್ತಿದ್ದ. ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಬಿಟ್ಟೆ, ಅಷ್ಟೇ. ಗಪ್‌ಚುಪ್ಪಾಯಿತು. ಇಷ್ಟು ವರ್ಷ ಯಾಕೆ ಬಿಡಲಿಲ್ಲ ಎಂದು ಕೇಳುವೆಯಾದರೆ, ಪುರಸೊತ್ತಿರಲಿಲ್ಲ. ಈಗ ಪುರಸೊತ್ತೇ ಪುರಸೊತ್ತು. ಕುಳಿತುಕೋ, ಟೋಪಿ ಹಾಕಿಕೊಳ್ಳಬಹುದು.

ನಿನ್ನ ಮಂಡಿ ಹೇಗಿದೆ? ಮೆಟ್ಟಿಲಿಳಿಯುವಾಗ ಈಗಲೂ ಕಟಕಟ ಎನ್ನುತ್ತದೆಯೇ? ಅದಕ್ಕೂ ಎರಡು ತೊಟ್ಟು ಬೇಕಿದ್ದರೆ ಹೇಳು, ಸೀಸೆಯಲ್ಲಿ ಇನ್ನೂ ಉಳಿದಿದೆ. ಶೆರಿಲ್‌ಗೆ ಮೂಗು ಕಟ್ಟುವುದು ಕಡಿಮೆಯಾಯಿತೇ? ನಿಮ್ಮ ಬಾಯ್ಸಿ ಊರಿನ ಧೂಳು ಅವಳಿಗೆ ಆಗುವುದಿಲ್ಲವೆಂದು ನಿಮ್ಮ ಮದುವೆಯ ದಿನವೇ ನಾನು ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಲ್ಲಿ ಬೆಟ್ಟದ ನೆತ್ತಿಗೆ ಮೊದಲ ಹಿಮ ಬಿದ್ದಿದೆ. ಬೆಳಗಿನ ಹೊತ್ತು ಎಲ್ಕ್ ಎಂಬ ದೊಡ್ಡ ಜಿಂಕೆಯ ಹೋರಿಗಳು ಕೂಗುವುದು ಅಡುಗೆಮನೆಗೇ ಕೇಳಿಸುತ್ತದೆ. ನನ್ನ ತೋಟದ ಬೀನ್ಸ್ ಬಳ್ಳಿಗಳು ಈ ಬೇಸಿಗೆ ಆಸರೆ ಮುರಿದು ನೆಲ ಹಿಡಿದವು. ಮೈಲೋ ಬದುಕಿದ್ದಾಗ ನೆಟ್ಟಿದ್ದ ಕಂಬ ಅದು. ಬುಡ ಕೊಳೆತಿದ್ದು ನನಗೆ ಕಾಣಲಿಲ್ಲ. ಗಂಡ ನೆಟ್ಟದ್ದು ಗಂಡನಿಗಿಂತ ಹೆಚ್ಚು ಕಾಲ ನಿಂತಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಆರೋಗ್ಯದ ವಿಷಯ ಈಗಲೇ ಬೇಡ, ಪತ್ರದ ಮುಕ್ಕಾಲು ಪಾಲು ಅದೇ ಇದೆ.

ನಿನ್ನ ಪೊಟ್ಟಣ ಹೋದ ವಾರ ತಲುಪಿತು. ಒಳಗೆ ಗುಂಡು ಹಾರಿದ ತೋಟಾಗಳ ಇಪ್ಪತ್ತು ಖಾಲಿ ಹಿತ್ತಾಳೆ, ಜೊತೆಗೆ ಪೆಟ್ರೋಲ್ ರಸೀದಿಯ ಬೆನ್ನಿನ ಮೇಲೆ ನಿನ್ನ ಕೋಳಿಕಾಲಿನ ಅಕ್ಷರ. "ಅಕ್ಕಾ, ಈ ಸಲ ಅಂಗಡಿಯ ಹೊಸ ತೋಟಾ ತಂದು ಅಪ್ಪನ ಬಂದೂಕಿನಲ್ಲಿ ಒಂದು ಸಲ ಹೊಡೆದಿದ್ದೀನಿ. ಎಂದಿನ ಹಾಗೆ ಕತ್ತು ಮಾತ್ರ ಒತ್ತಿ ಕಳಿಸು. ಹೋದ ವರ್ಷದ್ದು ಮನಸ್ಸಿಗೆ ಹಚ್ಕೋಬೇಡ, ನಾನು ಯಾವತ್ತೋ ಮರೆತುಬಿಟ್ಟೆ." ಓದಿದವಳೇ ರಸೀದಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ತಮ್ಮ ಅಕ್ಕನನ್ನು ಕ್ಷಮಿಸಿದ ದಾಖಲೆ ಎಲ್ಲರ ಮನೆಯಲ್ಲೂ ಇರುವುದಿಲ್ಲ ನೋಡು. ಬೆಳಗ್ಗೆ ಹಾಲಿಗೆಂದು ಬಾಗಿಲು ತೆಗೆದಾಗಲೆಲ್ಲ ಒಮ್ಮೆ ಓದಿಕೊಳ್ಳುತ್ತೇನೆ. ಹಾಲು ಒಡೆಯದಿರುವುದೇ ಆಶ್ಚರ್ಯ.

ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಮಾಡಿದ ಪಾಲು ನಿನಗೆ ನೆನಪಿದೆಯಲ್ಲ? ಮೂಗಿನಲ್ಲಿ ಕೊಳವೆ, ಕಣ್ಣಿನಲ್ಲಿ ಕಿಡಿಗೇಡಿತನ. "ಬಂದೂಕು ಅವನಿಗೆ. ಯಂತ್ರ, ಅಚ್ಚು, ಹಿತ್ತಾಳೆ ಎಲ್ಲಾ ಇವಳಿಗೆ. ಈಗ ಜಗಳ ಆಡ್ರಪ್ಪಾ, ನೋಡೋಣ" ಎಂದು ನಕ್ಕು, ನಕ್ಕಿದ್ದಕ್ಕೆ ಕೆಮ್ಮು ಬಂದು, ನರ್ಸಮ್ಮನ ಕೈಲಿ ಬೈಸಿಕೊಂಡ. ಮುದುಕನ ಲೆಕ್ಕ ಚೆನ್ನಾಗಿತ್ತು. ಹಿತ್ತಾಳೆಯಿಲ್ಲದ ಬಂದೂಕು ಊರುಗೋಲು, ಬಂದೂಕಿಲ್ಲದ ಹಿತ್ತಾಳೆ ಪೆನ್ಸಿಲ್ಲಿಡುವ ಡಬ್ಬಿ. ಆದ್ದರಿಂದ ವರ್ಷಕ್ಕೊಮ್ಮೆ, ಶರತ್ಕಾಲದ ಗುರಿ ಹೊಡೆಯುವ ಪಂದ್ಯಕ್ಕೆ ಮೊದಲು, ಇವರಿಬ್ಬರೂ ಒಂದು ಮೇಜಿನ ಮುಂದೆ ಕೂತೇ ಕೂರುತ್ತಾರೆ ಎಂದು ಅವನ ಎಣಿಕೆ. ಕೂತೆವು ಕೂಡ. ನೀನು ಪ್ರತಿ ಅಕ್ಟೋಬರ್ ಬಂದೆ, ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿಯನ್ನು ಬಂದೂಕಿನ ನಳಿಗೆಯಷ್ಟು ದಪ್ಪ ಸುತ್ತಿಕೊಂಡು ತಿಂದೆ, ಸೋಫಾದ ಮೇಲೆ ಮಲಗಿ ಗೊರಕೆ ಹೊಡೆದೆ. ಶೆಡ್ಡಿನಲ್ಲಿ ಕತ್ತೆಮರಿ ಅರಚುತ್ತಿತ್ತು. ನೀನು ಹೊಡೆಯುವವನು, ನಾನು ತುಂಬುವವಳು. ರೈತರ ಸಭಾಭವನ ಗ್ರೇಂಜ್ ಹಾಲ್‌ನ ಹಲಗೆಯ ಮೇಲೆ ಗೆದ್ದವರ ಸಾಲಿನಲ್ಲಿ ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರು ಬಂತು. ನನ್ನ ಹೆಸರು ಹಲಗೆಗೆ ಬರುವಂಥದ್ದಲ್ಲ. ಆದರೆ ಆ ಹಲಗೆಯಲ್ಲಿರುವ ಅರ್ಧ ಜನರ ತೋಟಾ ನನ್ನ ಕೈಯಿಂದಲೇ ಹೋದವು, ಅದು ಊರಿಗೆ ಗೊತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಈಗ ಒಂದು ಪಾಠ ಒಪ್ಪಿಸುತ್ತೇನೆ. ನಿನಗೆ ಇದು ಬರಬೇಕಿತ್ತು, ಆದರೆ ಅಪ್ಪ ಹೇಳಿಕೊಡುವಾಗ ನೀನು ಕಿಟಕಿಯಾಚೆಯ ಅಳಿಲು ನೋಡುತ್ತಿದ್ದೆ. ಗುಂಡು ಹಾರಿದ ಮೇಲೆ ತೋಟಾದಲ್ಲಿ ಉಳಿಯುವುದು ಹಿತ್ತಾಳೆ. ಮದ್ದು ಸಿಡಿದಾಗ ಅದು ಉಬ್ಬಿ ನಳಿಗೆಯ ಬುಡದ ಗೂಡಿನ ಗೋಡೆಯನ್ನು ಅಪ್ಪಿಕೊಂಡು, ಆ ಗೂಡಿನ ಆಕಾರವನ್ನೇ ಹೊತ್ತು ಈಚೆ ಬರುತ್ತದೆ. ಅವಸರದ ಜನ ಅದನ್ನು ದೊಡ್ಡ ಅಚ್ಚಿಗೆ ತುರುಕಿ ಅಡಿಯಿಂದ ಮುಡಿಯವರೆಗೆ ಹಿಸುಕಿ, ಯಾವ ಬಂದೂಕಿಗಾದರೂ ಹೋಗುವ ಛತ್ರದ ಚಪ್ಪಲಿ ಮಾಡಿಬಿಡುತ್ತಾರೆ. ಅಪ್ಪ ಕತ್ತನ್ನು ಮಾತ್ರ ಒತ್ತುತ್ತಿದ್ದ, ಹೊಸ ಗುಂಡನ್ನು ಕಚ್ಚಿ ಹಿಡಿಯುವಷ್ಟು. ಕತ್ತಿನ ಕೆಳಗೆ ಇಳಿಜಾರಾದ ಹೆಗಲನ್ನಾಗಲಿ ಒಡಲನ್ನಾಗಲಿ ಮುಟ್ಟುತ್ತಿರಲಿಲ್ಲ. "ಅದು ತನ್ನ ಗೂಡನ್ನ ಕಲ್ತ್ಕೊಂಡು ಬಂದಿದೆ ಮಗಳೇ, ಕಲ್ತದ್ದನ್ನ ಯಾಕೆ ಮರೆಸ್ತೀಯಾ?" ಎನ್ನುತ್ತಿದ್ದ. ನಾಲ್ಕಾರು ಸಲ ಹೊಡೆದ ಮೇಲೆ ಗೂಡನ್ನು ಮುಚ್ಚುವ ಬೋಲ್ಟು ಬಿಗಿಯಾದರೆ ಹೆಗಲನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಅದನ್ನೂ ನಾನು ಒಮ್ಮೆಯೂ ತಪ್ಪಿಸಿಲ್ಲ. ಅಪ್ಪನ ಬಂದೂಕಿನ ಗೂಡು ಅಂಗಡಿಯ ಅಳತೆಗಿಂತ ಒಂದಿಷ್ಟು ಉದ್ದ. ಹಳೆಯ ಕಾಲದ ಕೊರೆತ. ಹಾಗಾಗಿ ಅಪ್ಪನ ಹಿತ್ತಾಳೆ ಇನ್ನೊಬ್ಬರ ಬಂದೂಕಿಗೆ ಹೋಗದು. ಅದನ್ನು ಹೆಮ್ಮೆಯ ವಿಷಯ ಎಂದುಕೊಂಡಿದ್ದೆವು.

ಇನ್ನು ಹೋದ ಅಕ್ಟೋಬರ್. ನೀನು ಬಂದೆ, ಲೆಫ್ಸೆ ತಿಂದೆ, ಆದರೆ ಬಂದೂಕನ್ನು ಕಾರಿನಿಂದ ಇಳಿಸಲಿಲ್ಲ. ಒತ್ತಿದ ಹಿತ್ತಾಳೆಯೊಂದನ್ನು ಗೂಡಿಗೆ ಹಾಕಿ ಬೋಲ್ಟು ಮುಚ್ಚಿ ನೋಡಿದ ಮೇಲೆಯೇ ಮದ್ದು ತುಂಬುವುದು ಅಪ್ಪನ ಕಾಲದ ಕ್ರಮ. ತಾ ಎಂದೆ. "ಎಣ್ಣೆ ಹಚ್ಚಿ ಸುತ್ತಿಟ್ಟಿದ್ದೀನಿ ಅಕ್ಕಾ, ಈಗ ಬಿಚ್ಚೋದು ಬೇಡ. ನಿನ್ನ ಕೈ ಮೇಲೆ ನನಗೆ ಅನುಮಾನವಾ?" ಎಂದೆ. ಎಷ್ಟು ಚೆನ್ನಾಗಿ ಎಂದೆಯೆಂದರೆ, ನಾನು ಉಬ್ಬಿಹೋಗಿ ಇನ್ನೆರಡು ಲೆಫ್ಸೆ ಬಡಿಸಿದೆ.

ಮರುದಿನ ಪಂದ್ಯದ ಬಯಲು. ನಾನು ಹಿಂದೆ ಕಾಫಿ ಹಂಡೆಯ ಹತ್ತಿರ ನಿಂತಿದ್ದೆ. ನಿನ್ನ ಸರದಿ ಬಂತು. ಬೋಲ್ಟು ಮುಂದೆ ಹೋಯಿತು, ಕೆಳಗಿಳಿಯಲಿಲ್ಲ. ಅಂಗೈಯಿಂದ ಗುದ್ದಿದೆ, ಇಳಿಯಲಿಲ್ಲ. ಇನ್ನೊಂದು ತೋಟಾ, ಅದೂ ಇಲ್ಲ. ಕ್ಲಬ್ಬಿನ ಕಾರ್ಯದರ್ಶಿ ಕ್ಲೈಡ್ ಶಿಳ್ಳೆ ಊದಿ ಇಡೀ ಸಾಲನ್ನೇ ನಿಲ್ಲಿಸಿದ. ನನ್ನ ತೋಟಾವನ್ನು ಕ್ಲಬ್ಬಿನ ಅಳತೆಗೂಡಿಗೆ ಹಾಕಿ ನೋಡಿದ. ಅಂಗೈಯಗಲದ ಆ ಉಕ್ಕಿನ ತುಂಡಿನಲ್ಲಿ ಅಂಗಡಿಯ ಅಳತೆಗೆ ಕೊರೆದ ತೂತು, ಅದರಿಂದ ಬುಡ ಮೇಲಕ್ಕೆ ಚಾಚಿ ನಿಂತಿತು. ಸುತ್ತ ನಿಂತವರೆಲ್ಲ ಒಬ್ಬೊಬ್ಬರಾಗಿ ಉಗುರು ತಾಗಿಸಿ ನೋಡಿದರು. ಹೆಣದ ಮುಖ ನೋಡಲು ಸಾಲು ನಿಂತ ಹಾಗಿತ್ತು. "ಅದು ಅಪ್ಪನ ಗೂಡಿನ ಅಳತೆ ಕ್ಲೈಡ್, ನಿಮ್ಮ ಉಕ್ಕಿನ ಅಳತೆಯಲ್ಲ" ಎಂದೆ. ಅವನು ಕೆಟ್ಟವನಲ್ಲ, ಮೆಲ್ಲಗೆ ಹೇಳಿದ: "ಆ ಬಂದೂಕೇ ಇಲ್ಲಿದೆಯಲ್ಲಮ್ಮಾ ಆರ್ಡಿಸ್. ಅದೇ ಒಲ್ಲೆ ಅಂತಿದೆ." ಬಗ್ಗಿ ಬಂದೂಕನ್ನು ನೋಡಿದೆ. ಮರದ ಹಿಡಿ ಅದೇ, ಅಪ್ಪ ಚಾಕುವಿನಲ್ಲಿ ಕೆತ್ತಿದ ಹೆಸರಿನ ಅಕ್ಷರಗಳೂ ಅವೇ. ಆಗ ನೀನು, ಎಲ್ಲರಿಗೂ ಕೇಳಿಸುವ ಹಾಗೆ, ಅಷ್ಟು ಮಮತೆಯಿಂದ, ಹೇಳಿದೆ: "ಬಿಡ್ರೋ, ಏನೂ ಅನ್ಬೇಡಿ. ಅಕ್ಕನ ಕೈ ಈಗ ಮೊದಲಿನ ಹಾಗಿಲ್ಲ. ವಯಸ್ಸಾಯ್ತು."

ಕೈ ನಡುಗುತ್ತದೆ ಎಂದು ಬಯ್ದಿದ್ದರೆ ತಿರುಗಿಸಿ ಬಯ್ಯಬಹುದಿತ್ತು. ಕರುಣೆಗೆ ಏನು ಮಾಡುವುದು? ಕಾಫಿ ಬಗ್ಗಿಸಿದೆ. ಅರ್ಧ ಲೋಟದಾಚೆ ಚೆಲ್ಲಿತು, ಎಲ್ಲರೂ ನೋಡಿದರು, ಸಾಕ್ಷಿ ಪೂರ್ತಿಯಾಯಿತು.

ಆಮೇಲಿನ ಒಂದು ವರ್ಷವನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ, ಆದರೂ ವರ್ಣಿಸುತ್ತೇನೆ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋದೆ. "ವಯಸ್ಸಿಗೆ ಮೀರಿದ ಕಣ್ಣಮ್ಮಾ ನಿಮ್ಮದು" ಎಂದ. ನಂಬಲಿಲ್ಲ, ಇನ್ನೊಬ್ಬನ ಹತ್ತಿರ ಹೋದೆ, ಅವನೂ ಅದನ್ನೇ ಹೇಳಿದ. ಕಣ್ಣು ಸರಿಯಿದ್ದರೆ ತಲೆಯೇ ಕೆಟ್ಟಿರಬೇಕೆಂದು ತೀರ್ಮಾನಿಸಿದೆ. ಅಚ್ಚಿನ ಸುತ್ತಿನ ತಿರುಪನ್ನು ಅಪ್ಪ ಬಿಗಿದಿದ್ದ ಜಾಗದಿಂದ ನಾನೇ ಯಾವಾಗಲೋ ಅರೆಗತ್ತಲಲ್ಲಿ ಸಡಿಲಿಸಿ ಮರೆತೆನೇ? ದಿನಾ ಹೋಗಿ ಮುಟ್ಟಿ ನೋಡುವುದು, ಅಲ್ಲಾಡುವುದಿಲ್ಲ, ಮತ್ತೆ ಮರುದಿನ ಮುಟ್ಟಿ ನೋಡುವುದು. ಒಲೆ ಆರಿಸಿದೆನೇ ಎಂದು ಹಾದಿಯ ಅರ್ಧದಿಂದ ತಿರುಗಿ ಬಂದೆ. ಬಾಗಿಲು ಹಾಕಿದೆನೇ ಎಂದು ಮತ್ತೆ ಬಂದೆ. ಒಬ್ಬ ಹೆಂಗಸಿಗೆ ಅವಳ ಕೈಯ ಮೇಲೆ ಒಮ್ಮೆ ಅನುಮಾನ ಹುಟ್ಟಿಸಿಬಿಟ್ಟರೆ ಸಾಕು ಗೇಲನ್, ಆಮೇಲೆ ಅನುಮಾನವೇ ಮನೆಯ ಯಜಮಾನ.

ಊರಿನವರೂ ತಮ್ಮ ಪಾಲಿನದು ಮಾಡಿದರು, ಬಹಳ ಮರ್ಯಾದೆಯಿಂದ. ಚಳಿಗಾಲದಲ್ಲಿ ಹಿತ್ತಾಳೆಯ ಡಬ್ಬಿಗಳನ್ನು ಹೊತ್ತು ಬರುತ್ತಿದ್ದವರು ಬರಲಿಲ್ಲ. ಹಾದಿಯಲ್ಲಿ ಸಿಕ್ಕರೆ, "ಈ ವರ್ಷ ಹೊಡೆದಿದ್ದೇ ಕಡಿಮೆ ಆರ್ಡಿಸ್" ಎನ್ನುವುದು, ಟೋಪಿ ಸರಿಮಾಡಿಕೊಳ್ಳುವುದು. ಅವರದೂ ತಪ್ಪಲ್ಲ. ಮುಖದ ಪಕ್ಕದಲ್ಲಿ ಸಿಡಿಯುವ ವಸ್ತುವನ್ನು ಮರೆವಿನ ಮುದುಕಿಯ ಕೈಗೆ ಯಾರು ಕೊಡುತ್ತಾರೆ? ಕ್ಲಬ್ಬಿನ ತೋಟಾ ನೋಡುವ ಕೆಲಸವನ್ನು ಕ್ಲೈಡನ ಅಳಿಯ ಡ್ವೇನ್‌ಗೆ ಕೊಟ್ಟರು. ಅವನ ಹತ್ತಿರ ಕೆಂಪು ಅಂಕಿ ಮಿನುಗುವ ತಕ್ಕಡಿಯಿದೆ. ನನ್ನನ್ನು ಬಿಟ್ಟುಬಿಟ್ಟರೆಂದು ಹೇಳಿದರೆ ಅನ್ಯಾಯವಾದೀತು, ಬಡ್ತಿ ಕೊಟ್ಟರು. ಈಗ ನಾನು ಶರತ್ಕಾಲದ ಪಂದ್ಯದ ಆಲೂಗಡ್ಡೆ ಸಲಾಡಿನ ಅಧ್ಯಕ್ಷೆ. ಸದಸ್ಯರು, ನಾನೊಬ್ಬಳೇ. ಬೇಸಿಗೆಯ ಊಟಕ್ಕೆ ಒಂದು ಬೋಗುಣಿ ಮಾಡಿಕೊಂಡು ಹೋದರೆ ಕ್ಲೈಡನ ಹೆಂಡತಿ ಚಮಚ ಅದ್ದಿ, "ಉಪ್ಪು ಹಾಕಿದ್ದೀಯಲ್ವಾ ಆರ್ಡಿಸ್? ನೆನಪಿಟ್ಟು ಹಾಕ್ದೆ ತಾನೇ?" ಎಂದು ಕೇಳಿದಳು. ಹಾಕಿದ್ದೆ. ಆದರೂ ನಾನೇ ಹೋಗಿ ಇನ್ನೊಮ್ಮೆ ರುಚಿ ನೋಡಿದೆ. ಅದೇ ನನಗೆ ಸುಡುತ್ತದೆ. ಯಂತ್ರದ ಹಿಡಿಕೆಯ ಸಂಗತಿಯನ್ನು ಅಷ್ಟು ಸಂಭ್ರಮದಿಂದ ಹೇಳಿದೆನಲ್ಲ? ಎಣ್ಣೆ ಬಿಡುವ ಮುಂಚೆಯೇ ಅದು ಸುಮ್ಮನಾಗಿತ್ತು. ಎಳೆಯುವವರಿಲ್ಲದ ಹಿಡಿಕೆ ಕೂಗುವುದಾದರೂ ಹೇಗೆ?

ಇಂಥ ಹೊತ್ತಿನಲ್ಲಿ ನಿನ್ನ ಇಪ್ಪತ್ತು ಹಿತ್ತಾಳೆ ಬಂದವು. ಮುಟ್ಟಲಾರೆ ಎಂದು ಎರಡು ದಿನ ಕಿಟಕಿಯ ಮೇಲಿಟ್ಟೆ. ಮೂರನೆಯ ದಿನ, ತಮ್ಮ ಕೇಳಿದ್ದಾನಲ್ಲ ಎಂದು, ಕನ್ನಡಕ ಹಾಕಿಕೊಂಡು, ಅದರ ಮೇಲೆ ಅಪ್ಪನ ಭೂತಗಾಜು ಹಿಡಿದುಕೊಂಡು, ಒಂದನ್ನು ಬೆಳಕಿಗೆ ತಿರುಗಿಸಿದೆ. ಒಡಲಿನ ಮೇಲೆ ಹೆಗಲ ಕೆಳಗೆ ಬೆರಳಾಡಿಸಿದೆ. ಏನೂ ಇಲ್ಲ. ಇನ್ನೊಂದು ತೆಗೆದೆ, ಅದೂ ನುಣ್ಣಗೆ. ಇಪ್ಪತ್ತೂ ಹೂಜಿಯ ಹಾಗೆ ನುಣ್ಣಗೆ. ಹೆಗಲಿನ ಅಳತೆ ಹಿಡಿದರೆ ಅಪ್ಪನದಕ್ಕಿಂತ ಗಿಡ್ಡ, ಅಂಗಡಿಯ ಅಳತೆಗೆ ಸರಿಯಾಗಿ. ಆಮೇಲೆ ಹೋದ ವರ್ಷ ನೀನು ಪಂದ್ಯದ ಬಯಲಿನ ಮೇಜಿನ ಮೇಲೆ ಬಿಟ್ಟುಹೋದ ತೋಟಾ ಡಬ್ಬಿ ತೆಗೆದೆ. ಕ್ಲೈಡ್ ಅದನ್ನು ತಂದುಕೊಟ್ಟು, "ಇವನ್ನ ಯಾರ ಕೈಗೂ ಕೊಡ್ಬೇಡಮ್ಮಾ" ಎಂದು ಹೋಗಿದ್ದ. ಆ ದಿನದಿಂದ ತೆರೆದಿರಲಿಲ್ಲ. ಅದರೊಳಗಿನ ಒಂದೊಂದರ ಮೇಲೂ ಗೆರೆಯಿದೆ. ಒಂದೊಂದರ ಹೆಗಲೂ ಅಪ್ಪನ ಅಳತೆಗೆ ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ.

ಯಾವ ಗೆರೆ ಎಂದು ಕೇಳಬೇಡ. ನಿನಗೆ ಆ ಗೆರೆ ಗೊತ್ತಿರದಿದ್ದರೆ ಇನ್ನು ಯಾರಿಗೆ ಗೊತ್ತಿರಬೇಕು? ಅದು ನಿನ್ನ ಓರಗೆಯದು. ನೀನು ಹುಟ್ಟಿದ ಸಂಜೆ ಅಪ್ಪ ಬೆಟ್ಟದಿಂದ ಇಳಿದು ಬಂದಿದ್ದ, ಗೂಡಿನಲ್ಲಿ ಹಿತ್ತಾಳೆಯೊಂದು ಕಚ್ಚಿಕೊಂಡಿತ್ತು. ಬೋಲ್ಟು ಎಳೆದರೆ ಅದರ ಅಂಚು ಕಿತ್ತು ಬಂತೇ ಹೊರತು ಅದು ಬರಲಿಲ್ಲ. ಜಗಲಿಯ ಮೇಲೆ ಕೂತು ಉದ್ದನೆಯ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಿದ್ದ. ಒಳಗಿನಿಂದ ಅಮ್ಮ, "ಓರಿನ್! ಅದನ್ನ ಬಿಸಾಕಿ ಟ್ರಕ್ಕು ತೆಗೀತೀಯೋ ಇಲ್ವೋ! ಮಗು ಬರ್ತಿದೆ!" ಎಂದು ಕೂಗಿದರೆ, "ಒಂದ್ನಿಮಿಷ ಕಣೇ, ಇದೂ ಬರ್ತಿದೆ!" ಎಂದ. ಅವಸರದಲ್ಲಿ ಕೈ ಜಾರಿತು. ಹಿತ್ತಾಳೆ ಬಂತು, ಗೂಡಿನ ಗೋಡೆಗೆ ಉದ್ದುದ್ದಕ್ಕೆ ಗೀರು ಬಿತ್ತು. ಅಂದಿನಿಂದ ಆ ಗೂಡಿನಲ್ಲಿ ಸಿಡಿದ ಪ್ರತಿಯೊಂದು ಹಿತ್ತಾಳೆಯ ಮೇಲೂ ಉಗುರಿಗೆ ಸಿಕ್ಕುವಂಥ ಉಬ್ಬುಗೆರೆ. ಅಮ್ಮ ಸಾಯುವವರೆಗೂ ಅದನ್ನು ಆಡಿಕೊಂಡಳು. ಅಪ್ಪನಿಗೆ ಮಾತ್ರ ಅದರ ಮೇಲೆ ಅದೇನು ಪ್ರೀತಿಯೋ. "ಗೆರೆ ಮೇಲಕ್ಕೆ ಬರೋ ಹಾಗೆ ಹಾಕು, ತನ್ನ ಮನೆಗೆ ತಾನು ಹೋಗುತ್ತೆ" ಎನ್ನುತ್ತಿದ್ದ. ಪೂರ್ತಿ ಹಿಸುಕುವ ಅಚ್ಚಿಗೆ ಹಾಕಿದರೆ ಆ ಗೆರೆ ಅಳಿಸಿಹೋಗುತ್ತದೆ. ಕತ್ತು ಮಾತ್ರ ಒತ್ತು ಎಂದು ಅವನು ಹಟ ಹಿಡಿದದ್ದು ಗುರಿಗಾಗಿ ಎಂದು ಊರೆಲ್ಲ ತಿಳಿದಿತ್ತು. ಮುದುಕ ಮಗ ಹುಟ್ಟಿದ ದಿನವನ್ನು ಕೈಯಲ್ಲಿ ಸವರಿಕೊಳ್ಳುತ್ತಿದ್ದನೆಂದು ನನಗೆ ತಿಳಿದಿತ್ತು.

ಆದ್ದರಿಂದ ಗೇಲನ್, ಅಪ್ಪನ ಬಂದೂಕಿನ ಹಿಡಿಗೆ ನೀನು ಬೇರೆ ನಳಿಗೆ ಕೂರಿಸಿದ್ದೀಯ. ಹೋದ ಅಕ್ಟೋಬರಿಗೆ ಮೊದಲೇ ಕೂರಿಸಿದ್ದೆ. ಗೂಡು ಮಾತ್ರ ಅಂಗಡಿಯ ಅಳತೆಯದು; ಹೊರಗೆ ಅದೇ ದಪ್ಪ, ಅದೇ ಕಪ್ಪು, ಯಾರಿಗೂ ಗೊತ್ತಾಗದ ಹಾಗೆ. ಎಣ್ಣೆ ಹಚ್ಚಿ ಸುತ್ತಿಟ್ಟಿದ್ದು ಅದಕ್ಕೇ.

ಬದಲಾಯಿಸಿದ್ದಕ್ಕೆ ನಾನು ಬಯ್ಯುತ್ತಿಲ್ಲ. ನಳಿಗೆ ಸವೆಯುತ್ತದೆ, ಸವೆದ ನಳಿಗೆಯಲ್ಲಿ ಗುಂಡು ಕುಡುಕನ ಹಾಗೆ ಹೋಗುತ್ತದೆ, ಇದನ್ನು ನಾನು ನಿನಗಿಂತ ಮೊದಲು ಬಲ್ಲೆ. "ಅಕ್ಕಾ, ನಳಿಗೆ ಹೋಯ್ತು, ಹೊಸದು ಹಾಕಿಸ್ತೀನಿ" ಎಂದು ಒಂದು ಫೋನು ಮಾಡಿದ್ದರೆ ಒಂದು ಗಂಟೆ ಅಳುತ್ತಿದ್ದೆ, ಒಂದು ದಿನ ಗೊಣಗುತ್ತಿದ್ದೆ, ಮೂರನೆಯ ದಿನ ಹೊಸ ಗೂಡಿಗೆ ಹೊಸ ಹಿತ್ತಾಳೆ ಒತ್ತಿ ಕೊಡುತ್ತಿದ್ದೆ. ನೀನು ನನ್ನ ಒಂದು ಗಂಟೆಯ ಅಳುವಿಗೆ ಹೆದರಿ ಒಂದು ವರ್ಷದ ಅಳು ಕೊಟ್ಟೆ. ಹಳೆಯ ಹಿತ್ತಾಳೆ ಹೊಸ ಗೂಡಿಗೆ ಹೋಗದೆಂದು ನಿನಗೆ ಹೊಳೆದಿರಲಿಲ್ಲ, ಅದನ್ನೂ ನಂಬುತ್ತೇನೆ. ಅಳಿಲು ನೋಡುತ್ತಿದ್ದವನು ನೀನು. ಆದರೆ ಬೋಲ್ಟು ನಿಂತ ಗಳಿಗೆಯಲ್ಲಿ ಹೊಳೆಯಿತು. ಹೇಗೆ ಗೊತ್ತು ಎಂದರೆ, ಆಗ ನೀನು ಬೇಡವಾದ ತೋಟಾಗಳನ್ನು ಒಂದೊಂದಾಗಿ ಎತ್ತಿ, ಬಟ್ಟೆಯಿಂದ ಒರೆಸಿ, ತುದಿ ಮೇಲಾಗಿ ಡಬ್ಬಿಯಲ್ಲಿ ಜೋಡಿಸಿಟ್ಟೆ. ಹುಟ್ಟಿದಾಗಿನಿಂದ ಒಂದು ಕಾಲುಚೀಲವನ್ನೂ ಅದರ ಜಾಗದಲ್ಲಿಟ್ಟವನಲ್ಲ ನೀನು. ಅಮ್ಮನ ಹೂದಾನಿ ಒಡೆದ ದಿನ ಮಾತ್ರ ಇಡೀ ಕೋಣೆ ಗುಡಿಸಿದ್ದೆ. ನನ್ನನ್ನು ನೋಡಲಾರದೆ ಜೋಡಿಸುತ್ತಿದ್ದಾನೆ ಪಾಪದ ಹುಡುಗ, ಅಕ್ಕನ ಅವಮಾನಕ್ಕೆ ನೊಂದಿದ್ದಾನೆ ಎಂದುಕೊಂಡು, ಮೂರ್ಖಳು ನಾನು, ನಿನಗೆ ಇನ್ನ್ಯಾವಾಗ ಸಮಾಧಾನ ಹೇಳಲಿ ಎಂದು ಕಾಯುತ್ತಿದ್ದೆ.

ಸುಳ್ಳನ್ನು ಬಚ್ಚಿಟ್ಟವನು ಬಚ್ಚಿಟ್ಟುಕೊಂಡೇ ಇರಬಹುದಿತ್ತಲ್ಲ. ಅದನ್ನು ಇಪ್ಪತ್ತು ಪ್ರತಿ ತೆಗೆದು, ಡಬ್ಬಿಯಲ್ಲಿ ಹಾಕಿ, ಅಂಚೆಯಲ್ಲಿ ನನಗೇ ಕಳಿಸಿದ್ದೀಯ. ಈ ಜಗತ್ತಿನಲ್ಲಿ ಹಿತ್ತಾಳೆಯ ಹೊಟ್ಟೆ ಸವರಿ ಅದು ಯಾವ ಮನೆಯಿಂದ ಬಂತೆಂದು ಹೇಳಬಲ್ಲವಳು ಒಬ್ಬಳಿದ್ದರೆ, ಅವಳಿಗೇ. ನನ್ನ ಕೈ ಕೆಟ್ಟಿದೆಯೆಂದು ಊರಿಗೆ ಹೇಳಿದ ಮಾತನ್ನು ನೀನೇ ನಂಬಿಬಿಟ್ಟೆಯೋ, ಅಥವಾ ಗೆರೆ ಎಂಬುದೊಂದಿತ್ತು ಎನ್ನುವುದೇ ಮರೆತುಹೋಯಿತೋ. ಎರಡರಲ್ಲಿ ಯಾವುದಾದರೂ ನನಗೆ ಕಹಿಯೇ. ಎರಡನೆಯದು ಹೆಚ್ಚು.

ನಿನ್ನ ಇಪ್ಪತ್ತನ್ನೂ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಕತ್ತು ಒತ್ತಿದ್ದೇನೆ, ಬಾಯಿ ಸಮಮಾಡಿದ್ದೇನೆ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನ ಗುಳಿ ಕೆರೆದು ಸ್ವಚ್ಛ ಮಾಡಿದ್ದೇನೆ. ಹೆಗಲು, ಒಡಲು ಮುಟ್ಟಿಲ್ಲ. ಹೊಸ ಗೂಡಾದರೂ ಪಾಪ ಕಲಿತದ್ದು ಕಲಿತದ್ದೇ, ಅದನ್ನು ಮರೆಸುವುದು ನನ್ನ ಕೆಲಸವಲ್ಲ. ಬೋಲ್ಟು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ, ಬಂದೂಕು ನೋಡದೆಯೇ ಹೇಳುತ್ತೇನೆ. ತುಂಬಿಸಿ ಕಳಿಸುವಂತಿಲ್ಲ, ಅಂಚೆಯವರು ಒಪ್ಪುವುದಿಲ್ಲ. ಮದ್ದು, ಗುಂಡು ಅಲ್ಲೇ ಯಾರಿಂದಲಾದರೂ ಹಾಕಿಸಿಕೋ. ಕೈ ನಡುಗದವರಿಂದ.

ಶೆರಿಲ್‌ಗೆ ನನ್ನ ಪ್ರೀತಿ ಹೇಳು. ಹಬೆ ತೆಗೆದುಕೊಳ್ಳಲಿ, ಮೂಗಿಗೆ ಒಳ್ಳೆಯದು. ನಿನ್ನ ಮಂಡಿಗೆ ದೇವರು ಬಲ ಕೊಡಲಿ, ನಾಲಿಗೆಗೂ ಒಂದಿಷ್ಟು ಕೊಟ್ಟರೆ ಅಕ್ಕನಿಗೆ ಉಪಕಾರ.

ನಿನ್ನ ಅಕ್ಕ,
ಆರ್ಡಿಸ್ ಟೆಸ್ಕಿ
(ಅಧ್ಯಕ್ಷೆ, ಆಲೂಗಡ್ಡೆ ಸಲಾಡ್ ವಿಭಾಗ)

ತಾ.ಕ.: ಅಂಚೆಯ ಗಾಡಿ ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಅಪ್ಪನ ಹಳೆಯ ನಳಿಗೆ ಕಳಿಸಿಕೊಡು. ಎಸೆದುಬಿಟ್ಟೆ ಎಂದು ಹೇಳಬೇಡ. ನೀನು ಯಾವುದನ್ನೂ ಜಾಗದಲ್ಲಿಡುವವನಲ್ಲ, ಯಾವುದನ್ನೂ ಎಸೆಯುವವನೂ ಅಲ್ಲ, ಗ್ಯಾರೇಜಿನಲ್ಲಿ ಸ್ಕೀ ಹಲಗೆಗಳ ಹಿಂದೆ ಇರುತ್ತದೆ. ಶೆರಿಲ್ ಕೇಳಿದರೆ ಅಕ್ಕನ ಬೀನ್ಸ್ ಬಳ್ಳಿಗೆ ಆಸರೆ ಬೇಕಂತೆ ಎನ್ನು. ಸುಳ್ಳೂ ಅಲ್ಲ, ಮುಂದಿನ ಬೇಸಿಗೆ ಅಲ್ಲೇ ನೆಡುತ್ತೇನೆ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸವಿದೆ. ಪಂದ್ಯದ ಬೆಳಗ್ಗೆ ಅದನ್ನು ಕ್ಲೈಡನ ಮೇಜಿನ ಮೇಲೆ ಆಲೂಗಡ್ಡೆ ಬೋಗುಣಿಯ ಪಕ್ಕ ಇಟ್ಟು, ಅವನು ತಂದುಕೊಟ್ಟ ಆ ಡಬ್ಬಿಯಿಂದ ಒಂದರ ಗುಂಡು ಕಿತ್ತು, ಮದ್ದು ಸುರಿದು, ಖಾಲಿ ಹಿತ್ತಾಳೆಯನ್ನು ಅವನ ಕೈಗೇ ಕೊಟ್ಟು ಆ ನಳಿಗೆಯ ಗೂಡು ತೋರಿಸುತ್ತೇನೆ. ಗೆರೆ ಮೇಲಕ್ಕೆ ಬರೋ ಹಾಗೆ ಹಾಕು ಎನ್ನುತ್ತೇನೆ, ಬೇರೇನೂ ಹೇಳುವುದಿಲ್ಲ. ಯಾರು ಏನು ಮಾಡಿದರೆಂದು ಅವನು ಕೇಳಿದರೆ ಸಲಾಡ್ ಬಡಿಸುತ್ತೇನೆ. ಅಷ್ಟರೊಳಗೆ ನೀನೇ ಬಂದು ಹೇಳುವುದಾದರೆ ನಳಿಗೆಯನ್ನು ಜೊತೆಗೇ ತಾ, ಲೆಫ್ಸೆ ಮಾಡಿಟ್ಟಿರುತ್ತೇನೆ. ಬರುವುದಿಲ್ಲವಾದರೆ ಶುಕ್ರವಾರದ ಬಸ್ಸಿಗೆ ಹಾಕು. ಹಳೆಯ ಕಂಬಳಿಯಲ್ಲಿ ಸುತ್ತು, ಎರಡು ಕಡೆ ಹಗ್ಗ ಕಟ್ಟು, ಮತ್ತೆ ಮರೆಯದೆ ಗೂಡಿನ ಬಾಯಿಗೆ ಒಂದು ಒಣ ಚಿಂದಿ ತುರುಕು. ದಾರಿಯಲ್ಲಿ ಧೂಳು ಹೋಗದಿರಲಿ.